ನಾಣ್ಯದ ಗೆಳೆಯರಿಗೆ ಹೇಳಿದ ಮನೆಯ ಮಾತು

ಈ ಬರಹವನ್ನು ಹೊರಗೆ ಕೊಡುವ ಮೊದಲು ಇದರಲ್ಲಿ ಬರುವ ತಂದೆ, ತಾಯಿ, ಮಗಳು ಮೂವರಿಗೂ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ಹೆಸರನ್ನೂ ಗುರುತು ಹತ್ತಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಮಗಳು ಎರಡು ವಾಕ್ಯಗಳನ್ನು ತೆಗೆಯಲು ಹೇಳಿದಳು, ತೆಗೆದಿದ್ದೇನೆ. ಯಾರ ಸಂಗತಿಯನ್ನು ಯಾರು, ಎಲ್ಲಿ, ಎಷ್ಟು ಹೇಳಬಹುದು ಎಂಬುದೇ ಈ ಪ್ರಕರಣದ ವಿಷಯವಾಗಿರುವುದರಿಂದ ಇದನ್ನು ಮೊದಲೇ ತಿಳಿಸುವುದು ನನ್ನ ಕರ್ತವ್ಯ.

ತಿಪ್ಪೇಸ್ವಾಮಿ ಎಂದು ನಾನು ಇಲ್ಲಿ ಕರೆಯುವ ವ್ಯಕ್ತಿಗೆ 54 ವರ್ಷ. ಚಿತ್ರದುರ್ಗದ ಸಹಕಾರ ಸಂಘವೊಂದರಲ್ಲಿ ನಗದು ಗುಮಾಸ್ತರು. ದಸರಾ ಕಳೆದ ಮೇಲೆ ಒಂದು ಸಂಜೆ ಅವರ ಪತ್ನಿ ಅವರನ್ನು ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕರೆತಂದರು. "ಎರಡು ತಿಂಗಳಾಯ್ತು ಮೇಡಂ. ಆಫೀಸಿಗೆ ಹೋಗ್ತಾರೆ, ಬರ್ತಾರೆ, ಉಣ್ತಾರೆ, ಮಲಗ್ತಾರೆ. ಬಾಯಿ ಬಿಡಲ್ಲ. ಮಗಳು ಇವರ ಹತ್ರ ಮಾತು ಬಿಟ್ಟಿದಾಳೆ. ನಾನೂ ಸಿಟ್ಟಿನಲ್ಲಿ ಏನೇನೋ ಅಂದೆ" ಎಂದು ಆಕೆ ಹೇಳುತ್ತಿದ್ದಷ್ಟು ಹೊತ್ತೂ ಅವರು ತಮ್ಮ ಕೈಚೀಲದ ಹಿಡಿಯನ್ನೇ ನೋಡುತ್ತ ಕುಳಿತಿದ್ದರು. ನಿದ್ದೆ, ಹಸಿವು, ಬದುಕು ಸಾಕೆನ್ನುವ ಯೋಚನೆ ಇವುಗಳ ಬಗ್ಗೆ ಕೇಳಲೇಬೇಕಾದ ಪ್ರಶ್ನೆಗಳನ್ನು ಕೇಳಿದೆ. ಒಂದೊಂದು ಪದದ ಉತ್ತರ ಬಂತು. ಪ್ರಾಣಕ್ಕೆ ಅಪಾಯವಾಗುವಂಥ ಯೋಚನೆ ಇಲ್ಲವೆಂದು ಖಚಿತಪಡಿಸಿಕೊಂಡು, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಒಮ್ಮೆ ವೈದ್ಯರಲ್ಲಿ ತೋರಿಸಿಕೊಳ್ಳಿ ಎಂದು ಹೇಳಿ, ಒಂದು ವಾರದ ಬಳಿಕ ಒಬ್ಬರೇ ಬರುವಂತೆ ಸೂಚಿಸಿದೆ.

ನಡೆದದ್ದು ಇಷ್ಟು. ತಿಪ್ಪೇಸ್ವಾಮಿಯವರಿಗೆ ಹಳೆಯ ನಾಣ್ಯ ಕೂಡಿಸುವ ಹವ್ಯಾಸ. ಊರಿನಲ್ಲಿ ಇದೇ ಹವ್ಯಾಸದ ಏಳೆಂಟು ಜನ ತಿಂಗಳ ಎರಡನೆಯ ಭಾನುವಾರ ಒಬ್ಬರ ಮನೆಯ ಮಹಡಿಯ ಕೋಣೆಯಲ್ಲಿ ಸೇರುತ್ತಾರೆ. ನಿವೃತ್ತ ಅಂಚೆ ನೌಕರರು, ಬಸ್ ಕಂಡಕ್ಟರ್, ಲೇತ್ ಅಂಗಡಿ ಇಟ್ಟವರು, ಚಿತ್ರಕಲಾ ಶಿಕ್ಷಕರು, ಹೊಲಿಗೆ ಕೆಲಸದ ಒಬ್ಬ ಹೆಣ್ಣುಮಗಳು ಹೀಗೆ ಬೇರೆ ಬೇರೆ ದಾರಿಯವರು. ಅವರ ಮಗಳಿಗೆ 23 ವರ್ಷ. ದಾವಣಗೆರೆಯಲ್ಲಿ ಕೆಲಸಕ್ಕಿದ್ದವಳು ಇದ್ದಕ್ಕಿದ್ದಂತೆ ಬಿಟ್ಟು ಬಂದು ಮನೆಯಲ್ಲಿ ಮಲಗಿದಳು. ತಲೆ ಬಾಚಿಕೊಳ್ಳುವುದನ್ನೂ ನಿಲ್ಲಿಸಿದಳು. ಖಿನ್ನತೆ ಎಂದು ಗುರುತಿಸಿದ ಮನೋವೈದ್ಯರು ಚಿಕಿತ್ಸೆ ಆರಂಭಿಸಿದರು, ಮಾತ್ರೆಗಳು ನಡೆದಿದ್ದವು. ಇದನ್ನು ತಂದೆ ಆ ಮಹಡಿಯ ಕೋಣೆಯಲ್ಲಿ ಹೇಳಿಕೊಂಡರು. ಅಲ್ಲಿದ್ದವರೊಬ್ಬರು ತಮ್ಮ ಮನೆಯಲ್ಲಿ ಹೇಳಿದರು. ಹೊಳಲ್ಕೆರೆಯ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ, ಆ ಮನೆಯ ಹೆಣ್ಣುಮಗಳು ಪಕ್ಕದಲ್ಲಿ ಕುಳಿತು ಅನುಕಂಪದಿಂದಲೇ "ಮಗಳು ಈಗ ಹೇಗಿದಾಳೆ? ಮಾತ್ರೆ ಬಿಟ್ಟಳಾ?" ಎಂದು ಕೇಳಿದರು. ಇತ್ತ ತಾಯಿ ಕೂತಿದ್ದರು, ಅತ್ತ ಮಗಳೇ ಕೂತಿದ್ದಳು.

ಆ ರಾತ್ರಿ ಮನೆಯಲ್ಲಿ ದೊಡ್ಡ ಮಾತಾಯಿತು. ಆ ಸಹವಾಸ ಇನ್ನು ಸಾಕು, ನಾಣ್ಯಗಳನ್ನು ತೂಕಕ್ಕೆ ಹಾಕಿ ಎಂದು ಪತ್ನಿ ಅಂದರು. ಮಗಳು ಏನೂ ಅನ್ನಲಿಲ್ಲ. ತಿಪ್ಪೇಸ್ವಾಮಿ ಆಲ್ಬಮ್‌ಗಳನ್ನು ಅಟ್ಟಕ್ಕೆ ಹಾಕಿ, ಭಾನುವಾರದ ಕೂಟವನ್ನು ಬಿಟ್ಟು, ಅದರೊಂದಿಗೆ ಮಾತನ್ನೂ ಬಿಟ್ಟರು.

ಎರಡನೆಯ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಎದುರುಬದುರು ಕುರ್ಚಿ ಹಾಕಿ, ಕಣ್ಣಲ್ಲಿ ಕಣ್ಣಿಟ್ಟು, ನಿಮಗೆ ಏನನ್ನಿಸುತ್ತದೆ ಎಂದು ಕೇಳಿದೆ. ಐವತ್ತು ದಾಟಿದ ನಮ್ಮ ಕಡೆಯ ಗಂಡಸರಲ್ಲಿ ಹಲವರಿಗೆ ಈ ಪ್ರಶ್ನೆಯನ್ನು ಹುಟ್ಟಿದಾರಭ್ಯ ಯಾರೂ ಕೇಳಿರುವುದಿಲ್ಲ. ಕೇಳಿದರೆ ಅದು ವಿಚಾರಣೆಯಂತೆ ಕಾಣುತ್ತದೆ. ಮುಕ್ಕಾಲು ಗಂಟೆ ಹಾಗೆಯೇ ಕಳೆಯಿತು. ಹೊರಡುವಾಗ ನಾನು, ಮುಂದಿನ ಸಲ ಬರುವಾಗ ಅಟ್ಟದ ಮೇಲಿನ ಆಲ್ಬಮ್‌ಗಳಲ್ಲಿ ಒಂದನ್ನು ತನ್ನಿ, ನನಗೆ ನಾಣ್ಯದ ವಿಷಯ ಏನೂ ಗೊತ್ತಿಲ್ಲ, ತೋರಿಸಿ ಎಂದೆ.

ತಂದರು. ಮೇಜಿನ ಒಂದೇ ಬದಿಗೆ ಇಬ್ಬರೂ ಕುಳಿತೆವು. ಅವರು ಲೆನ್ಸನ್ನು ನನ್ನ ಕೈಗೆ ಕೊಟ್ಟು ರೂಪಾಯಿ ನಾಣ್ಯಗಳ ಇಸವಿಯ ಕೆಳಗೆ ನೋಡಲು ಹೇಳಿದರು. ನಕ್ಷತ್ರವಿದ್ದರೆ ಹೈದರಾಬಾದಿನ ಟಂಕಸಾಲೆ, ವಜ್ರದಾಕಾರದ ಗುರುತಿದ್ದರೆ ಮುಂಬೈ, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಷ್ಟು ವರ್ಷ ದಿನವೂ ಕೈಯಲ್ಲಿ ಹಿಡಿದ ನಾಣ್ಯದ ಮೇಲೆ ನಾನು ಇದನ್ನು ಒಮ್ಮೆಯೂ ಕಂಡಿರಲಿಲ್ಲ. ಪುಟ ತಿರುವುತ್ತ ಅವರು ಮಧ್ಯದಲ್ಲಿ ತೂತಿರುವ ಒಂದು ತಾಮ್ರದ ಕಾಸನ್ನು ತೋರಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಿಂದ, ಅಂಥ ಕಾಸು ಬಂದಿತ್ತು. ಅವರ ಅಜ್ಜಿ ಅದನ್ನು ಮೊಮ್ಮಗನ ಉಡಿದಾರಕ್ಕೆ ಕಟ್ಟಿದ್ದರಂತೆ. ಇವರು ಅದನ್ನೇ ಮಗಳು ಕೂಸಾಗಿದ್ದಾಗ ಅವಳ ಉಡಿದಾರಕ್ಕೆ ಕಟ್ಟಿದ್ದರಂತೆ. ಅಂಚು ಸವೆದು ನುಣುಪಾಗಿತ್ತು. ಅದನ್ನು ಹೇಳುತ್ತ ಹೇಳುತ್ತ, ನನ್ನ ಕಡೆಗೆ ತಿರುಗದೆಯೇ, ಅವರು ಮಾತಾಡತೊಡಗಿದರು.

"ಇಪ್ಪತ್ತೇಳು ವರ್ಷ ಸರ್ವಿಸ್ ಆಯ್ತು ಮೇಡಂ. ಕೌಂಟರಿನಲ್ಲಿ ದಿನಕ್ಕೆ ನೂರು ಜನ. ಒಬ್ಬರೂ ನಿಮಗೇನಿಷ್ಟ ಅಂತ ಕೇಳಿಲ್ಲ. ಆ ರೂಮಿನಲ್ಲಿ ಮೊದಲ ದಿನವೇ ಕೇಳಿದ್ರು."

ಮೊದಲ ದಿನ ಅಲ್ಲಿ ಒಬ್ಬೊಬ್ಬರೂ ತಮ್ಮ ಕೆಲಸ, ಮನೆಮಂದಿ, ನಾಣ್ಯದ ಹೊರತಾಗಿ ಇನ್ನೇನು ಹುಚ್ಚು ಎಂಬುದನ್ನು ಹೇಳಿಕೊಂಡರಂತೆ. ಕಂಡಕ್ಟರ್ ಬಯಲಾಟದ ಹಾಡುಗಳನ್ನು ಬರೆದಿಟ್ಟುಕೊಳ್ಳುತ್ತಾರೆ. ಲೇತ್ ಅಂಗಡಿಯವರು ಪಾರಿವಾಳ ಸಾಕಿದ್ದಾರೆ. ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಎಲ್ಲರೂ ಚಂದ್ರವಳ್ಳಿಗೆ ಹೋಗುತ್ತಾರೆ. ಮಯೂರಶರ್ಮನ ಶಾಸನವಿರುವ, ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ಭೂಮಿಯಲ್ಲಿ ಸಿಕ್ಕ ಜಾಗವದು. ನಾಣ್ಯ ಕೂಡಿಸುವವರಿಗೆ ಅದು ಕ್ಷೇತ್ರವಿದ್ದಂತೆ. ಹೀಗೆ ನಾಣ್ಯದಿಂದ ಆರಂಭವಾದ ಮಾತು ಮನೆಬಾಡಿಗೆ, ಮಗನ ಪಿಯುಸಿ ಫಲಿತಾಂಶ, ಮಂಡಿನೋವು, ತಮ್ಮಂದಿರ ಪಾಲಿನ ಜಗಳದವರೆಗೆ ಸಹಜವಾಗಿ ಹರಿಯುತ್ತಿತ್ತು. ಕೈಗೂ ಕಣ್ಣಿಗೂ ಕೆಲಸವಿದ್ದಾಗ ನಾಲಿಗೆ ಸಡಿಲವಾಗುತ್ತದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಕಡಲೆಕಾಯಿ ಬಿಡಿಸುತ್ತ, ಶಾವಿಗೆ ಹೊಸೆಯುತ್ತ ಹೆಂಗಸರು ಹೇಳಿಕೊಳ್ಳುತ್ತಿದ್ದುದೂ ಇದೇ ಬಗೆಯಲ್ಲಿ. ಇದು ಮನುಷ್ಯನಿಗೆ ಬೇಕಾದದ್ದು. ಹೇಳಿಕೊಂಡದ್ದನ್ನೇ ದೋಷವೆಂದು ನೋಡುವ ಸಲಹೆಗಾರರು ಎಡವುತ್ತಾರೆಂದು ನನ್ನ ದೃಢವಾದ ಅಭಿಪ್ರಾಯ.

ನಾಲ್ಕನೆಯ ಭೇಟಿಯಲ್ಲಿ ಹೊರಬಂದ ಸಂಗತಿಯೊಂದು ಇಡೀ ಪ್ರಕರಣವನ್ನು ನಾನು ನೋಡುತ್ತಿದ್ದ ರೀತಿಯನ್ನು ಬದಲಿಸಿತು. ಮಗಳು ಹಾಸಿಗೆ ಹಿಡಿದ ಮೊದಲ ತಿಂಗಳು ಮನೆಯವರು ಅದನ್ನು ಸೋಮಾರಿತನವೆಂದೂ, ದೃಷ್ಟಿಯೆಂದೂ ತಿಳಿದಿದ್ದರು. ಭಾನುವಾರದ ಕೂಟದಲ್ಲಿ ತಿಪ್ಪೇಸ್ವಾಮಿ ಅದನ್ನು ಹೇಳಿದಾಗ, ಕಂಡಕ್ಟರ್ ತಮ್ಮ ತಮ್ಮನಿಗೂ ಹಾಗೆಯೇ ಆಗಿದ್ದನ್ನೂ ತಡವಾಗಿ ತೋರಿಸಿದ್ದನ್ನೂ ಹೇಳಿ, ನೀವು ತಡಮಾಡಬೇಡಿ ಎಂದು ಒತ್ತಾಯಿಸಿದರು. ಮಾರನೆಯ ಸೋಮವಾರವೇ ತಂದೆ ರಜೆ ಹಾಕಿ ಮಗಳನ್ನು ಮನೋವೈದ್ಯರಲ್ಲಿಗೆ ಕರೆದೊಯ್ದರು. ಅಂದರೆ ಆಮೇಲೆ ಮಗಳನ್ನು ನೋಯಿಸಿದ ಆ ಕೂಟದ ಮಾತುಕತೆಯೇ ಮೊದಲು ಅವಳನ್ನು ಚಿಕಿತ್ಸೆಗೆ ಮುಟ್ಟಿಸಿತ್ತು. ಇದು ಪತ್ನಿಗೂ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ.

ಹಾಗೆಂದು ತಂದೆಯ ತಪ್ಪು ಇಲ್ಲವಾಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಂ ಚಿಕಿತ್ಸೆ ಪಡೆಯುವವರಿಗೆ ತಮ್ಮ ಕಾಯಿಲೆಯ ವಿವರ ಗೋಪ್ಯವಾಗಿರಬೇಕೆಂಬ ಹಕ್ಕನ್ನು ಕೊಟ್ಟಿದೆ. ಅದು ಕಟ್ಟಿಹಾಕುವುದು ಚಿಕಿತ್ಸೆ ಕೊಡುವವರನ್ನು, ಮನೆಯವರನ್ನಲ್ಲ. ಆದರೂ ಆ ಕಲಮನ್ನು ಅವರಿಗೆ ವಿವರಿಸಿದೆ. ವೈದ್ಯರು ಬಾಯಿ ಬಿಡಬಾರದ ವಿಷಯವನ್ನು ತಂದೆ ಬಿಟ್ಟಾಗ ಮಗಳಿಗೆ ಹೇಗಾಗಿರಬಹುದು ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಅವರು, "ಅದು ನನ್ನ ಸಂಕಟ ಅಂತಲೇ ತಿಳಿದು ಹೇಳಿದೆ, ಅವಳದು ಅನ್ನಿಸಲೇ ಇಲ್ಲ" ಎಂದರು. ನನ್ನ ಸಲಹೆಯೆಲ್ಲ ಹುಟ್ಟಿದ್ದು ಈ ಮಾತಿನಿಂದ.

ಒಂದೇ ಕಷ್ಟದಲ್ಲಿ ಎರಡು ಸಂಗತಿಗಳಿರುತ್ತವೆ, ಅವುಗಳನ್ನು ಬಿಡಿಸಿಕೊಳ್ಳಬೇಕು ಎಂದೆ. ನಿದ್ದೆ ಬಾರದಿರುವುದು, ಹೆದರಿಕೆ, ಮುಂದೇನು ಎಂಬ ಚಿಂತೆ ತಂದೆಯವು. ಅವನ್ನು ಗೆಳೆಯರಲ್ಲಿ ಹೇಳಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಕಾಯಿಲೆಯ ಹೆಸರು, ಮಾತ್ರೆ, ವೈದ್ಯರು, ಕೆಲಸ ಬಿಟ್ಟ ಕಾರಣ ಮಗಳವು. ಅವಳು ಒಪ್ಪಿದಷ್ಟನ್ನೇ ಹೇಳಬೇಕು. ಬಾಯಿಮಾತಿನಲ್ಲಿ ಸುಲಭವಾಗಿ ಕಾಣುವ ಈ ವ್ಯತ್ಯಾಸ ನಾಲಿಗೆಗೆ ಬರಲು ಅಭ್ಯಾಸ ಬೇಕಾಗುತ್ತದೆ. ಒಂದು ಹಾಳೆಯ ಮೇಲೆ ಅವರು ಕೂಟದಲ್ಲಿ ಹೇಳಿದ್ದ ಮಾತನ್ನು ಬರೆಸಿದೆ: "ಮಗಳಿಗೆ ಡಿಪ್ರೆಶನ್ ಅಂತೆ, ಮಾತ್ರೆ ಶುರು ಮಾಡಿದಾರೆ, ಯಾವಾಗ ವಾಸಿಯಾಗುತ್ತೋ." ಅದನ್ನೇ ಅವರು ಮೂರು ಸಲ ತಿದ್ದಿ ಕೊನೆಗೆ ಹೀಗೆ ಬರೆದರು: "ಮನೆಯಲ್ಲಿ ಒಂದು ಚಿಂತೆ ಇದೆ. ವಿವರ ಹೇಳೋ ಹಾಗಿಲ್ಲ. ನನಗೆ ರಾತ್ರಿ ನಿದ್ದೆ ಬರ್ತಿಲ್ಲ." ಇಷ್ಟು ಹೇಳಿದರೂ ಆ ಗೆಳೆಯರು ಚಹಾ ಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದರಲ್ಲವೇ ಎಂದು ಕೇಳಿದೆ. ಕೂರುತ್ತಿದ್ದರು ಎಂದರು. ಕಂಡಕ್ಟರ್ ಕೊಟ್ಟಂಥ ಸಲಹೆ ವಿವರವಿಲ್ಲದೆ ಸಿಗುತ್ತಿರಲಿಲ್ಲ ಎಂಬ ಅವರ ಆಕ್ಷೇಪ ಸರಿಯಾದದ್ದೇ ಆಗಿತ್ತು. ಹಾಗೆ ವಿವರ ಹೇಳಿಯೇ ದಾರಿ ಕೇಳಬೇಕಾದಾಗ ಕೂಟದ ನಡುವೆ ಹೇಳದೆ ಒಬ್ಬರನ್ನೇ ಬದಿಗೆ ಕರೆದು, ಇದು ನಿಮ್ಮಲ್ಲೇ ಇರಲಿ ಎಂದು ಮೊದಲು ಹೇಳಿ ಆಮೇಲೆ ಕೇಳಬೇಕು. ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು ಎಂದು ತಿಳಿಸಿದೆ.

ಮಗಳು ಒಬ್ಬಳೇ ಬಂದು ಒಂದು ಗಂಟೆ ಮಾತಾಡಿದಳು. ಮದುವೆಯ ಪಂಕ್ತಿಯಲ್ಲಾದ ಅವಮಾನವೇ ಅವಳ ನೋವಿನ ಮೂಲವೆಂದು ನಾನು ತಿಳಿದಿದ್ದೆ. ಅವಳು ಹೇಳಿದ್ದು ಬೇರೆ. "ಅಪ್ಪಾಜಿ ನನ್ನ ಮಂಚದ ಹತ್ರ ಒಂದು ದಿನವೂ ಕೂತು ಏನಾಯ್ತಮ್ಮ ಅಂತ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಊಟ ಆಯ್ತಾ ಅಂತ ಕೇಳಿ ಹೋಗ್ತಿದ್ರು. ಅಲ್ಲಿ ಹೋಗಿ ಅಷ್ಟೆಲ್ಲ ಹೇಳಿದಾರೆ ಅಂದ್ರೆ ಅವರಿಗೆ ಮಾತು ಬರುತ್ತೆ. ನನ್ನ ಹತ್ರ ಮಾತ್ರ ಬರಲ್ಲ." ಇದನ್ನು ಅವಳ ಒಪ್ಪಿಗೆಯಿಂದ ತಂದೆಗೆ ತಿಳಿಸಿದಾಗ ಅವರು ಕಣ್ಣೀರು ಹಾಕಿದರು.

ಕ್ಷಮೆ ಕೇಳಬೇಕೆಂದು ಅವರಿಗೇ ಅನ್ನಿಸಿತ್ತು. ಬರೆದು ತಂದಿದ್ದ ಮೊದಲ ಕಾಗದದಲ್ಲಿ "ನಿನ್ನ ಒಳ್ಳೆಯದಕ್ಕೇ ಹೇಳಿದ್ದು" ಎಂಬ ಸಾಲಿತ್ತು. ಅದು ನಿಜವೇ ಆದರೂ ಈಗ ಬೇಡ, ಅದನ್ನು ಕೇಳುವ ದಿನ ಅವಳಾಗಿ ಕೇಳುತ್ತಾಳೆ, ಈಗ ಬರಿಯ ತಪ್ಪನ್ನು ಮಾತ್ರ ಹೇಳಿ ಎಂದೆ. ಎದುರು ಕೂರಿಸಿಕೊಂಡು ಹೇಳುವುದೂ ಬೇಡ. ನನ್ನ ಮೇಜಿನ ಬಳಿ ಆದಂತೆ ಪಕ್ಕದಲ್ಲಿ ಕುಳಿತು, ಕೈಯಲ್ಲಿ ಏನಾದರೂ ಕೆಲಸ ಹಿಡಿದು ಹೇಳಿ ಎಂದೆ. ಅವರು ಅಟ್ಟದಿಂದ ಆಲ್ಬಮ್‌ಗಳನ್ನು ಇಳಿಸಿ, ಪ್ಲಾಸ್ಟಿಕ್ ಹಾಳೆಗಳು ಹಳತಾಗಿವೆ, ಬದಲಿಸಬೇಕು, ಸ್ವಲ್ಪ ಹಿಡಿದುಕೊಳ್ಳುತ್ತೀಯಾ ಎಂದು ಮಗಳನ್ನು ಕರೆದರು. ಮೊದಲ ಎರಡು ಸಂಜೆ ಅವಳು ಬರಲಿಲ್ಲ. ಮೂರನೆಯ ಸಂಜೆ ಬಂದು ಕುಳಿತಳು.

ಇಷ್ಟರ ನಡುವೆ ತಾಯಿಯನ್ನು ನಾನು ದೂರು ಕೊಟ್ಟವರೆಂದಷ್ಟೇ ನೋಡಿದ್ದೆ. ಇದು ನನ್ನ ಎರಡನೆಯ ಲೋಪ. ಏಳನೆಯ ಭೇಟಿಯಲ್ಲಿ ಆಕೆ, "ಇವರಿಗೆ ಹೇಳಿಕೊಳ್ಳೋಕೆ ಏಳು ಜನ ಇದ್ರು. ನನಗ್ಯಾರಿದ್ರು?" ಎಂದು ಕೇಳಿದಾಗ ನನಗೆ ಎಚ್ಚರವಾಯಿತು. ಆಕೆ ಪ್ರತಿ ಸೋಮವಾರ ಭಜನಾ ಮಂಡಳಿಗೆ ಹೋಗುತ್ತಿದ್ದವರು, ಒಳ್ಳೆಯ ಕಂಠ. ಮಗಳ ವಿಷಯ ಯಾರಾದರೂ ಕೇಳಿಬಿಟ್ಟಾರೆಂಬ ಅಂಜಿಕೆಯಿಂದ ಅದನ್ನು ಬಿಟ್ಟು ಎಂಟು ತಿಂಗಳಾಗಿತ್ತು. ಗಂಡನ ಕೂಟದ ಮೇಲಿನ ಸಿಟ್ಟಿನಲ್ಲಿ ಒಂದು ಪಾಲು ಇದರದೇ ಎಂದು ಆಕೆಯೇ ಒಪ್ಪಿಕೊಂಡರು. ನನ್ನ ಸಲಹೆ ಸರಳವಾಗಿತ್ತು: ಭಜನೆಗೆ ಮರಳಿ ಹೋಗುವುದು, ಯಾರಾದರೂ ಕೇಳಿದರೆ "ಚೆನ್ನಾಗಿದಾಳೆ, ನಿಮ್ಮ ವಿಚಾರ ಹೇಳಿ" ಎಂದು ಮಾತು ತಿರುಗಿಸುವುದು, ತಮ್ಮ ದಣಿವನ್ನು ಮಾತ್ರ ಒಬ್ಬ ಗೆಳತಿಯಲ್ಲಾದರೂ ಹೇಳಿಕೊಳ್ಳುವುದು. ಗಂಡನ ಹವ್ಯಾಸವನ್ನು ನಿಲ್ಲಿಸುವ ಹಠವನ್ನು ಬಿಡಲು ಕೇಳಿಕೊಂಡೆ. ಆಕೆ ತಕ್ಷಣ ಒಪ್ಪಲಿಲ್ಲ. ಕಂಡಕ್ಟರ್ ವಿಷಯವನ್ನು ಗಂಡನ ಬಾಯಿಂದಲೇ ಕೇಳಿದ ಮೇಲೆ ಒಪ್ಪಿದರು.

ಮಾತನ್ನು ಮನೆಗೆ ಒಯ್ದ ಗೆಳೆಯರ ಮೇಲೆ ತಿಪ್ಪೇಸ್ವಾಮಿಯವರಿಗೆ ಕೋಪವಿತ್ತು. ಅವರೊಂದಿಗೆ ಸ್ನೇಹ ಮುರಿದುಕೊಳ್ಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು, ಆದರೆ ಆದದ್ದನ್ನು ಅವರಿಗೆ ತಿಳಿಸದೆ ದೂರವಾಗಬೇಡಿ ಎಂದಷ್ಟೇ ಹೇಳಿದೆ. ಅವರು ಹೋಗಿ ಹೇಳಿದರು. ಆ ಗೆಳೆಯರು ಬಹಳ ನೊಂದುಕೊಂಡರಂತೆ. ಕೇಡು ಬಗೆದು ಮಾಡಿದ್ದಲ್ಲ, ಹೆಂಡತಿಗೆ ಹೇಳುವುದನ್ನು ಹೊರಗೆ ಹೇಳಿದ್ದೆಂದು ಅವರು ಎಂದೂ ಲೆಕ್ಕ ಹಾಕಿರಲಿಲ್ಲ.

ಮಗಳ ಚಿಕಿತ್ಸೆ ಮುಂದುವರಿದಿದೆ. ಮಾತ್ರೆಗಳನ್ನು ಎಂದು ಕಡಿಮೆ ಮಾಡಬೇಕೆಂಬುದನ್ನು ಮನೋವೈದ್ಯರೇ ನಿರ್ಧರಿಸುತ್ತಾರೆ. ಯುಗಾದಿ ಕಳೆದ ಮೇಲೆ ಅವಳು ಊರಿನಲ್ಲೇ ಅರ್ಧ ದಿನದ ಕೆಲಸವೊಂದಕ್ಕೆ ಸೇರಿದಳು. ಆ ತಿಂಗಳ ಎರಡನೆಯ ಭಾನುವಾರ ತಂದೆ ಹೊರಡುವ ಮೊದಲು ಅವಳ ಕೋಣೆಯ ಬಾಗಿಲು ದಾಟಿ ಒಳಗೆ ಹೋಗಿ, ಮಂಚದ ತುದಿಯಲ್ಲಿ ಕುಳಿತು, ಇವತ್ತು ಕೇಳಿದರೆ ಏನು ಹೇಳಲಿ ಎಂದು ಕೇಳಿದರಂತೆ. "ಕೆಲಸಕ್ಕೆ ಸೇರಿದ್ದು ಹೇಳಿ ಅಪ್ಪಾಜಿ. ಉಳಿದಿದ್ದು ಬೇಡ" ಎಂದಳಂತೆ. ಅಂದು ಅಷ್ಟನ್ನೇ ಹೇಳಿ ಬಂದೆನೆಂದು ಮುಂದಿನ ಭೇಟಿಯಲ್ಲಿ ಅವರು ನನಗೆ ತಿಳಿಸಿದರು.