ಅನೊರೆಕ್ಸಿಯಾ: ಮೊದಲು ನಾಡಿ ಹಿಡಿಯಿರಿ, ಕಾರಣ ಆಮೇಲೆ ಹುಡುಕೋಣ

ಪ್ರಶ್ನೆ: ನಾನು ಪಿಯು ಕಾಲೇಜೊಂದರಲ್ಲಿ ಆಪ್ತ ಸಮಾಲೋಚಕಿ. ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಆರೇಳು ತಿಂಗಳಲ್ಲಿ ಪೂರ್ತಿ ಸೊರಗಿದ್ದಾಳೆ. ಎರಡು ತುತ್ತಿಗೇ ಹೊಟ್ಟೆ ಉಬ್ಬರ ಅನ್ನುತ್ತಾಳೆ. ಮನೆಯವರು ಗ್ಯಾಸ್ಟ್ರಿಕ್ ಅಂದುಕೊಂಡಿದ್ದರು, ಎಂಡೋಸ್ಕೋಪಿ ನಾರ್ಮಲ್ ಬಂದಿದೆ. ಮುಟ್ಟು ನಿಂತಿದೆ. ದಪ್ಪ ಆಗ್ತೀನಿ ಅಂತ ಮಾತ್ರ ಅವಳು ಒಮ್ಮೆಯೂ ಹೇಳಿಲ್ಲ. ಇದು ಅನೊರೆಕ್ಸಿಯಾನಾ? ಮಾತು ಎಲ್ಲಿಂದ ಶುರು ಮಾಡಲಿ?

ಉತ್ತರ: ಇರಬಹುದು. ಅನೊರೆಕ್ಸಿಯಾ ಅಂದರೆ, ಸಾಮಾನ್ಯವಾಗಿ ದಪ್ಪ ಆಗುವ ಭಯದಿಂದ, ಊಟ ಕಡಿಮೆ ಮಾಡುತ್ತಾ ಅಪಾಯವಾಗುವಷ್ಟು ಸೊರಗುವ ಮಾನಸಿಕ ಕಾಯಿಲೆ. ದಪ್ಪ ಆಗುವ ಭಯವನ್ನು ಬಾಯಿಬಿಟ್ಟು ಹೇಳಿಲ್ಲ ಅನ್ನುವ ಒಂದೇ ಕಾರಣಕ್ಕೆ ಕೈಬಿಡಬೇಡಿ. ನಮ್ಮ ಕಡೆ ಕೆಲವರು ‘ಊಟ ಸೇರಲ್ಲ’, ‘ಹೊಟ್ಟೆ ತುಂಬಿದೆ’ ಅಂತಲೇ ಬರುತ್ತಾರೆ. ಅವಳು ಊಟ ಮಾಡುವುದನ್ನು ನೋಡಿ. ಚಪಾತಿಯನ್ನು ಉಗುರಿನಷ್ಟು ಚೂರು ಮಾಡಿ ಅರ್ಧ ಗಂಟೆ ತಟ್ಟೆಯಲ್ಲೇ ಆಡಿಸುತ್ತಾಳಾ? ತಾನು ಮುಟ್ಟದೆ ಮನೆಯವರಿಗೆಲ್ಲ ಕೇಸರಿಬಾತ್ ಮಾಡಿ ಬಡಿಸುತ್ತಾಳಾ? ಸಂಕಷ್ಟಿ, ಏಕಾದಶಿ, ಗುರುವಾರ ಅಂತ ಹೊಸ ಹೊಸ ಉಪವಾಸ ಸೇರಿಕೊಂಡಿವೆಯಾ? ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಬೇಕಾ? ಅಂದಹಾಗೆ, ಹೊಟ್ಟೆ ಉಬ್ಬರ ನಾಟಕ ಅಲ್ಲ. ಬಹಳ ದಿನ ಕಡಿಮೆ ತಿಂದರೆ ಜಠರದಿಂದ ಊಟ ಕೆಳಗಿಳಿಯುವುದೇ ನಿಧಾನವಾಗುತ್ತದೆ.

ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ ಇಲ್ಲವೆಂದು ವೈದ್ಯರು ನೋಡಲೇಬೇಕು. ಜೊತೆಗೆ ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್. ತಲೆ ಸುತ್ತಿ ಬಿದ್ದಿದ್ದರೆ, ಎಚ್ಚರವಿದ್ದಾಗಲೂ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ, ಕುಕ್ಕರಗಾಲಲ್ಲಿ ಕೂತವಳಿಗೆ ಕೈಯೂರದೆ ಏಳಲು ಆಗದಿದ್ದರೆ, ಅವತ್ತೇ ಆಸ್ಪತ್ರೆಗೆ ಕಳಿಸಿ. ಗಾಬರಿಯಾದ ಅಮ್ಮ ಒಂದೇ ದಿನಕ್ಕೆ ತುಪ್ಪ, ಲಡ್ಡು ಎಲ್ಲ ತುರುಕುವುದೂ ಅಪಾಯ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ಬಿದ್ದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ತೊಂದರೆಯಾಗಬಹುದು. ಎಷ್ಟು, ಹೇಗೆ ಹೆಚ್ಚಿಸಬೇಕು ಅನ್ನುವುದನ್ನು ವೈದ್ಯರೇ ಹೇಳಲಿ.

ಇನ್ನು ಮಾತಿನ ವಿಷಯ. ನಮ್ಮ ವೃತ್ತಿಯವರಿಗೆ ‘ಯಾಕೆ’ ಅಂತ ಕೆದಕುವ ಚಟ ಜಾಸ್ತಿ. ಯಾರು ಆಡಿಕೊಂಡರು, ಅಪ್ಪ ಬೈದರಾ, ಮಾರ್ಕ್ಸ್ ಕಡಿಮೆ ಬಂತಾ. ನನಗೆ ಇದು ಸರಿ ಕಾಣುವುದಿಲ್ಲ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಹಸಿವಿನ ಪರಿಣಾಮ ತಿಳಿಯಲು 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಯಾರಿಗೂ ಅನೊರೆಕ್ಸಿಯಾ ಇರಲಿಲ್ಲ. ಆದರೂ ಅವರಲ್ಲಿ ಹಲವರು ಅಡುಗೆ ಪುಸ್ತಕ ಓದುತ್ತಾ ಕೂತರು, ತಟ್ಟೆ ನೆಕ್ಕಿದರು, ಸಣ್ಣದಕ್ಕೂ ರೇಗಿದರು, ಗೆಳೆಯರಿಂದ ದೂರವಾದರು. ನೀವು ಹುಡುಗಿಯ ಹಟ, ಸ್ವಭಾವ ಅಂದುಕೊಂಡಿರುವುದರಲ್ಲಿ ಅರ್ಧಕ್ಕರ್ಧ ಹಸಿವಿನದೇ ಕೆಲಸ ಇರಬಹುದು. ಸ್ವಲ್ಪ ತೂಕ ಬರಲಿ, ಆಮೇಲೆ ಅವಳೇ ಮಾತಾಡುತ್ತಾಳೆ. ಅನೊರೆಕ್ಸಿಯಾವನ್ನೇ ವಾಸಿ ಮಾಡುವ ಮಾತ್ರೆ ಇಲ್ಲ. ಊಟವೇ ಮದ್ದು.

ಈ ವಯಸ್ಸಿನವರಿಗೆ ಹೆಚ್ಚು ಆಧಾರವಿರುವುದು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದ ಕುಟುಂಬ ಚಿಕಿತ್ಸೆಗೆ. ತೂಕ ಬರುವ ತನಕ ಏನು ತಿನ್ನಬೇಕು, ಎಷ್ಟು ಅನ್ನುವುದು ಅಪ್ಪ ಅಮ್ಮನ ತೀರ್ಮಾನ. ಆಮೇಲೆ ಹಂತಹಂತವಾಗಿ ಮಗುವಿನ ಕೈಗೆ. ಎರಡನೇ ಭೇಟಿಗೆ ಮನೆಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಅಮ್ಮ ಡಬ್ಬಿ ತೆಗೆದು ಎರಡು ಚಪಾತಿ ಹಾಕುತ್ತಾರೆ, ಮಗಳು ಒಂದನ್ನು ವಾಪಸ್ ಇಡುತ್ತಾಳೆ, ಅಮ್ಮ ನನ್ನ ಮುಖ ನೋಡುತ್ತಾರೆ. ನಾನು ಹುಡುಗಿಗೆ ಏನೂ ಹೇಳುವುದಿಲ್ಲ. ‘ನಿಮಗೆ ಎಷ್ಟು ಬೇಕು ಅನಿಸುತ್ತೋ ಅಷ್ಟು ಬಡಿಸಿ, ಪಕ್ಕದಲ್ಲೇ ಕೂತಿರಿ’ ಅಂತ ಅಮ್ಮನಿಗೆ ಹೇಳುತ್ತೇನೆ. ಕ್ಯಾಲೊರಿ ವಾದಕ್ಕೆ ಇಳಿದರೆ ಗೆಲ್ಲುವುದು ಅವಳೇ, ಲೆಕ್ಕ ಅವಳಿಗೆ ಬಾಯಿಪಾಠ. ತಪ್ಪು ಅಮ್ಮನದು ಅಂತ ಮಾತ್ರ ಸುಮ್ನೆ ಕೂಡ ಸೂಚಿಸಬೇಡಿ.

‘ಮನೇಲಿ ಹೇಳಬೇಡಿ ಮ್ಯಾಮ್’ ಅಂತ ಅವಳು ಕೇಳಿಕೊಳ್ಳಬಹುದು. ಜೀವದ ಪ್ರಶ್ನೆ ಇದ್ದಾಗ ಈ ಗುಟ್ಟು ಇಟ್ಟುಕೊಳ್ಳಲಾಗದು ಅಂತ ನೇರವಾಗಿ ತಿಳಿಸಿ, ಅವಳ ಎದುರಿಗೇ ಅಪ್ಪ ಅಮ್ಮನ ಜೊತೆ ಮಾತಾಡಿ. ಸದ್ಯಕ್ಕೆ ಪಿಟಿ ಬಿಡಿಸಿ. ನಿಮಾನ್ಸ್ ದೂರವಾದರೆ ಹತ್ತಿರದ ಮೆಡಿಕಲ್ ಕಾಲೇಜಿನ ಮನೋವೈದ್ಯ ವಿಭಾಗಕ್ಕೆ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.