ಧೂಳಿನ ಕಣಕ್ಕೆಷ್ಟು ಗುರುತ್ವ, ಮಿಸ್?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅನಿಲ ಮತ್ತು ಧೂಳಿನ ಮೋಡ ಗುರುತ್ವದಿಂದ ಕುಗ್ಗಿ ಸೂರ್ಯ, ಗ್ರಹಗಳು ಆದವು ಎಂದು ಪಾಠ ಮಾಡಿದೆ. ಒಬ್ಬಳು ಹುಡುಗಿ ಎದ್ದು, "ಧೂಳಿನ ಕಣಕ್ಕೆಷ್ಟು ಗುರುತ್ವ, ಮಿಸ್? ಅದು ಇನ್ನೊಂದು ಕಣವನ್ನು ಹೇಗೆ ಎಳೆಯುತ್ತೆ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಇದನ್ನೆಲ್ಲ ಯಾರಾದರೂ ನೋಡಿದ್ದಾರಾ?
– ಓದುಗರೊಬ್ಬರು, ಹಾವೇರಿ

ಉತ್ತರ: ಮೊದಲು ಆ ಹುಡುಗಿಗೆ ನನ್ನ ಶಭಾಷ್ ತಿಳಿಸಿ. ವಿಜ್ಞಾನಿಗಳು ದಶಕಗಳಿಂದ ತಲೆ ಕೆಡಿಸಿಕೊಂಡಿರುವುದು ಇದೇ ಪ್ರಶ್ನೆಗೆ.

ಮೋಡ ಕುಗ್ಗುವುದು ಗುರುತ್ವದಿಂದಲೇ, ಸರಿ. ಕುಗ್ಗಿದಷ್ಟೂ ಅದು ಜೋರಾಗಿ ತಿರುಗುತ್ತದೆ. ನಡುವೆ ನಕ್ಷತ್ರ ಹುಟ್ಟುತ್ತದೆ, ಸುತ್ತಲೂ ಚಪ್ಪಟೆ ತಟ್ಟೆಯೊಂದು ಉಳಿಯುತ್ತದೆ. ತಟ್ಟೆಯ ತೂಕದಲ್ಲಿ ನೂರಕ್ಕೆ ಸುಮಾರು 99 ಪಾಲು ಅನಿಲ, ಒಂದೇ ಪಾಲು ಧೂಳು, ಅದೂ ಹೊಗೆಯ ಕಣದಷ್ಟು ಸಣ್ಣದು. ಭೂಮಿಯಂಥ ಗ್ರಹ ಆಗಬೇಕಾದ್ದು ಆ ಒಂದು ಪಾಲಿನಿಂದ. ಈ ಹಂತದಲ್ಲಿ ಕಣಕಣದ ನಡುವಿನ ಗುರುತ್ವ ಯಾವ ಲೆಕ್ಕಕ್ಕೂ ಇಲ್ಲ. ಹುಡುಗಿಯ ಅನುಮಾನ ನೂರಕ್ಕೆ ನೂರು ಸರಿ.

ಕಣಗಳು ಒಂದಕ್ಕೊಂದು ಸುಮ್ನೆ ಅಂಟಿಕೊಳ್ಳುತ್ತವೆ. ಮಂಚದ ಕೆಳಗೆ ನಾಲ್ಕು ದಿನ ಪೊರಕೆ ಆಡಿಸದಿದ್ದರೆ ಧೂಳು ಉಂಡೆ ಕಟ್ಟುತ್ತದೆ, ಅಲ್ವಾ? ಹಾಗೆಯೇ. 2002-03ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾತ್ರಿ ಡಾನ್ ಪೆಟಿಟ್, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತುಂಬಿ, ಒಳಗೆ ಉಪ್ಪು, ಸಕ್ಕರೆಯ ಹರಳು ಹಾಕಿ ಅಲ್ಲಾಡಿಸಿದರು. ತೂಕವೇ ಇಲ್ಲದ ಆ ಜಾಗದಲ್ಲಿ ಹರಳುಗಳು ಚೆಲ್ಲಾಪಿಲ್ಲಿಯಾಗಿ ತೇಲಬೇಕಿತ್ತು. ಆದರೆ ಕೆಲವೇ ಸೆಕೆಂಡಿನಲ್ಲಿ ಮುದ್ದೆಮುದ್ದೆಯಾಗಿ ಕೂಡಿಕೊಂಡವು. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಅದೇ ಸ್ಥಾಯೀ ವಿದ್ಯುತ್ತಿನ ಕೆಲಸ.

ಕಷ್ಟ ಶುರುವಾಗುವುದು ಇದಾದ ಮೇಲೆ. ಉಂಡೆ ಕಲ್ಲಿನಷ್ಟಾದರೆ, ಒಂದಕ್ಕೊಂದು ಡಿಕ್ಕಿ ಹೊಡೆದಾಗ ಅಂಟುವುದಿಲ್ಲ. ಪುಟಿಯುತ್ತದೆ, ಇಲ್ಲವೇ ಒಡೆಯುತ್ತದೆ. ಇನ್ನೊಂದು ಕಾಟ ಎದುರುಗಾಳಿಯದು. ತಟ್ಟೆಯ ಅನಿಲ ತನ್ನದೇ ಒತ್ತಡದ ಆಸರೆಯಿಂದಾಗಿ ಸೂರ್ಯನ ಸುತ್ತ ಸ್ವಲ್ಪ ನಿಧಾನ ಸುತ್ತುತ್ತದೆ. ಕಲ್ಲಿಗೆ ಆ ಆಸರೆ ಇಲ್ಲ, ಅದು ಜೋರಾಗಿ ಹೋಗಲೇಬೇಕು. ಹಾಗಾಗಿ ಅದಕ್ಕೆ ಸದಾ ಎದುರುಗಾಳಿ. ವೇಗ ಕಳೆದುಕೊಂಡು ಒಳಗೊಳಗೆ ಜಾರುತ್ತದೆ. ಭೂಮಿ ಈಗಿರುವ ದೂರದಲ್ಲಿ, ಒಂದು ಮೀಟರ್ ಗಾತ್ರದ ಬಂಡೆ ನೂರಿನ್ನೂರು ವರ್ಷದಲ್ಲೇ ಸೂರ್ಯನ ಪಾಲಾಗುತ್ತದೆ ಎನ್ನುತ್ತದೆ ಲೆಕ್ಕ. ಗ್ರಹ ಆಗಲು ಸಮಯವೆಲ್ಲಿ?

ಇದಕ್ಕೊಂದು ಚೆಂದದ ದಾರಿಯನ್ನು 2005ರಲ್ಲಿ ಆಂಡ್ರ್ಯೂ ಯೂಡಿನ್, ಜೆರೆಮಿ ಗುಡ್‌ಮನ್ ಎಂಬ ಖಗೋಳ ವಿಜ್ಞಾನಿಗಳು ತೋರಿಸಿದರು. ಎದುರುಗಾಳಿಗೆ ಸೈಕಲ್ ತುಳಿಯುವವರು ಒಬ್ಬರ ಹಿಂದೊಬ್ಬರು ಗುಂಪಾಗಿ ಹೋಗುವುದನ್ನು ನೋಡಿದ್ದೀರಾ? ಗುಂಪಿಗೆ ಶ್ರಮ ಕಮ್ಮಿ. ಬೆಣಚುಕಲ್ಲುಗಳ ಗುಂಪೂ ತನ್ನ ಸುತ್ತಲಿನ ಅನಿಲವನ್ನು ಮುಂದಕ್ಕೆ ತಳ್ಳುತ್ತದೆ, ಎದುರುಗಾಳಿ ತಗ್ಗುತ್ತದೆ, ಜಾರುವುದೂ ನಿಧಾನವಾಗುತ್ತದೆ. ಹೊರಗಿನಿಂದ ಜಾರಿ ಬಂದ ಒಂಟಿ ಕಲ್ಲುಗಳು ಈ ಗುಂಪಿಗೆ ಸೇರಿಕೊಳ್ಳುತ್ತವೆ. ಗುಂಪು ದಟ್ಟವಾಗುತ್ತಾ ಹೋಗಿ ಒಂದು ಹಂತದಲ್ಲಿ ತನ್ನ ಒಟ್ಟು ಗುರುತ್ವಕ್ಕೆ ತಾನೇ ಕುಸಿಯುತ್ತದೆ. ಬೆಣಚುಕಲ್ಲಿನಿಂದ ನೇರವಾಗಿ ಹತ್ತಾರು, ನೂರಾರು ಕಿಲೋಮೀಟರ್ ಅಗಲದ ಕಾಯಕ್ಕೆ ಜಿಗಿತ! ನಿಮ್ಮ ಪಾಠದ ಗುರುತ್ವ ವಾಪಸು ಬರುವುದು ಇಲ್ಲಿಯೇ.

ಇದು ಬರೀ ಲೆಕ್ಕವಲ್ಲ ಎಂದು ನನಗೆ ಅನ್ನಿಸಿದ್ದು ಆರೊಕಾತ್ ಎಂಬ ಪುಟ್ಟ ಆಕಾಶಕಾಯದ ಫೋಟೊ ನೋಡಿದಾಗ. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊ ಆಚೆಗಿನ ಈ ಕಾಯದ ಪಕ್ಕದಲ್ಲೇ ಹಾದುಹೋಯಿತು. ಚಪ್ಪಟೆಯಾದ ಎರಡು ಮುದ್ದೆಗಳು, ನಡುವೆ ಕತ್ತು. ಡಿಕ್ಕಿಯ ಬಿರುಕೂ ಇಲ್ಲ, ನಜ್ಜುಗುಜ್ಜೂ ಇಲ್ಲ. ನಾವು ನಡೆಯುವಷ್ಟು ನಿಧಾನದ ವೇಗದಲ್ಲಿ ಎರಡೂ ಬಂದು ಒರಗಿಕೊಂಡಿವೆ. ಒಂದೇ ಗುಂಪು ಕುಸಿದಾಗ ಜೊತೆಗೇ ಹುಟ್ಟಿದವಾದರೆ ಹೀಗೆ ಮೆಲ್ಲಗೆ ಸೇರುವುದು ಸಹಜ.

ಮುಂದಿನದು ಹೇಳುವುದು ಸುಲಭ. ದೊಡ್ಡವು ಸಣ್ಣವನ್ನು ನುಂಗುತ್ತವೆ. ಸೂರ್ಯನಿಂದ ದೂರ, ನೀರು ಮಂಜುಗಡ್ಡೆಯಾಗುವ ಚಳಿಯಲ್ಲಿ ಸರಕು ಜಾಸ್ತಿ. ಅಲ್ಲಿ ಗುರು ಬೇಗ ಬೆಳೆದು, ಅನಿಲ ಚದುರಿಹೋಗುವ ಮೊದಲೇ ಬಾಚಿಕೊಂಡಿತು. ಅದಕ್ಕೆ ಸಿಕ್ಕ ಕಾಲ ಕೆಲವೇ ದಶಲಕ್ಷ ವರ್ಷ. ಭೂಮಿ ನಿಧಾನಕ್ಕೆ, ಹತ್ತಾರು ದಶಲಕ್ಷ ವರ್ಷಗಳಲ್ಲಿ ಆಯಿತು.

ಆ ಕಾಲದ ಸರಕನ್ನು ಕೈಯಲ್ಲಿ ಹಿಡಿಯಲೂಬಹುದು. 1969ರ ಫೆಬ್ರವರಿ 8ರಂದು ಮೆಕ್ಸಿಕೋದಲ್ಲಿ ಬಿದ್ದ ಅಯೆಂಡೆ ಉಲ್ಕಾಶಿಲೆಯನ್ನು ಕೊಯ್ದರೆ, ಬೂದುಬಣ್ಣದ ಕಲ್ಲಿನಲ್ಲಿ ಸಾಸಿವೆ ಕಾಳಿನಂಥ ದುಂಡನೆಯ ಮಣಿಗಳು ಒತ್ತೊತ್ತಾಗಿ ಕೂತಿರುತ್ತವೆ. ಅವುಗಳ ನಡುವೆ ಅಂಕುಡೊಂಕಾದ ಬಿಳಿ ಚುಕ್ಕೆಗಳು. ಆ ಬಿಳಿ ಚೂರುಗಳ ವಯಸ್ಸು ಸುಮಾರು 456.7 ಕೋಟಿ ವರ್ಷ, ಭೂಮಿಗಿಂತ ಹಿರಿಯವು.

ಯಾರಾದರೂ ನೋಡಿದ್ದಾರಾ ಎಂದಿರಿ. ನೋಡಿದ್ದಾರೆ. 2014ರಲ್ಲಿ ಚಿಲಿ ದೇಶದ ಅಲ್ಮಾ ದೂರದರ್ಶಕ ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ತಟ್ಟೆಯ ಚಿತ್ರ ತೆಗೆಯಿತು. ಅದರಲ್ಲಿ ಬಳೆಗಳ ಹಾಗೆ ಬೆಳಕಿನ ಉಂಗುರ, ಕಪ್ಪು ಸಂದು. ಸಂದುಗಳನ್ನು ಕೊರೆದದ್ದು ಬೆಳೆಯುತ್ತಿರುವ ಗ್ರಹಗಳು ಎಂಬುದು ಬಹಳ ಜನರ ಅಂದಾಜು. 2018ರಲ್ಲಿ ಪಿಡಿಎಸ್ 70 ಎಂಬ ಇನ್ನೊಂದು ನಕ್ಷತ್ರದ ತಟ್ಟೆಯ ಸಂದಿನಲ್ಲಿ ಎಳೆ ಗ್ರಹವೇ ಸಿಕ್ಕಿತು.

ಡಿಸೆಂಬರ್‌ನಲ್ಲಿ ಮಕ್ಕಳನ್ನು ಸಂಜೆ ಮೈದಾನಕ್ಕೆ ಕರೆದುಕೊಂಡು ಹೋಗಿ. ಪೂರ್ವದಲ್ಲಿ ಕೆಂಪಗೆ ಹೊಳೆಯುವ ರೋಹಿಣಿ ನಕ್ಷತ್ರ ತೋರಿಸಿ. ಕೈ ಚಾಚಿ ಹೆಬ್ಬೆರಳು ಹಿಡಿದರೆ, ರೋಹಿಣಿಯಿಂದ ಸುಮಾರು ಆ ಬೆರಳಿನ ಅಗಲದಷ್ಟು ಪಕ್ಕದಲ್ಲೇ ಎಚ್‌ಎಲ್ ಟೌರಿ ಇದೆ. ರೋಹಿಣಿಗಿಂತ ಬಹಳ ಹಿಂದೆ, 450 ಜ್ಯೋತಿರ್ವರ್ಷ ದೂರದಲ್ಲಿ. ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಪ್ರಶ್ನೆ ಕೇಳಿದ ಹುಡುಗಿಗೆ ಎತ್ತ ನೋಡಬೇಕು ಎಂಬುದಾದರೂ ಗೊತ್ತಾಗುತ್ತದೆ.