ಮುಂದುವರಿಸದಿದ್ದರೆ ಆಯ್ತು ಅಂದರೆ ಆಯ್ತಾ?

ಓದುಗರೊಬ್ಬರ ಪತ್ರದ ಸಾರ: ನಮ್ಮದು ಚಿಕ್ಕ ಟ್ರಸ್ಟ್. 11 ವರ್ಷದಿಂದ ಬೇರೆ ದೇಶದ ಒಂದು ಸಂಸ್ಥೆಗೆ ಹಣ ಕಳಿಸುತ್ತಿದ್ದೇವೆ. ಈಗ ನಮಗೇ ದೇಣಿಗೆ ಕಮ್ಮಿ. ಒಪ್ಪಂದ ಇನ್ನು 8 ತಿಂಗಳಿಗೆ ಮುಗಿಯುತ್ತದೆ. ‘ಈಗಲೇ ಹೇಳಿ ಯಾಕೆ ಬೇಜಾರು ಮಾಡೋದು, ಆಮೇಲೆ ಮುಂದುವರಿಸದಿದ್ದರೆ ಆಯ್ತು’ ಅನ್ನುತ್ತಾರೆ ಕಮಿಟಿಯವರು. ಇದು ಸರೀನಾ?

ಸಂಪಾದಕರ ಉತ್ತರ:

ಸರಿಯಲ್ಲ. ಕಾಗದದ ಮೇಲೆ ತಪ್ಪಿಲ್ಲದಿರಬಹುದು. ಆದರೆ ಪ್ರತಿ ಸಲ ಒಪ್ಪಂದ ಮುಂದುವರಿದಿದೆ ಅಂದ ಮೇಲೆ ಆ ಕಡೆಯವರು ಮುಂದಿನ ವರ್ಷದ ಹಣವನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಅದನ್ನೇ ನಂಬಿ ಕಚೇರಿಯ ಬಾಡಿಗೆ ಕರಾರಿಗೆ ಸಹಿ ಹಾಕುತ್ತಾರೆ, ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ. ಬೇಜಾರು ಹೇಗೂ ತಪ್ಪದು. ಈಗ ಹೇಳಿದರೆ ಬೇರೆ ದಾರಿ ಹುಡುಕಲು 8 ತಿಂಗಳಾದರೂ ಸಿಗುತ್ತದೆ.

ದಿಢೀರ್ ನಿಲ್ಲಿಸಿದರೆ ಏನಾಗುತ್ತದೆ ಅಂತ 2025ರಲ್ಲಿ ಜಗತ್ತೇ ನೋಡಿತು. ಜನವರಿ 20ಕ್ಕೆ ಅಮೆರಿಕದ ಅಧ್ಯಕ್ಷರು ವಿದೇಶಿ ನೆರವನ್ನು 90 ದಿನ ತಡೆಹಿಡಿದರು. ಕೆಲವೇ ದಿನಗಳಲ್ಲಿ ‘ಕೆಲಸ ನಿಲ್ಲಿಸಿ’ ಅನ್ನುವ ಆದೇಶಗಳು ಹೋದವು. ಎಷ್ಟೋ ದೇಶಗಳಲ್ಲಿ ಕ್ಲಿನಿಕ್‌ಗಳು ಬಾಗಿಲು ಹಾಕಿದವು. ತಮಾಷೆ ನೋಡಿ: ಹೊರಗಿನ ಸಂಸ್ಥೆಗಳು ಜವಾಬ್ದಾರಿಯಿಂದ ಹಿಂದೆ ಸರಿಯುವುದು ಹೇಗೆ ಅಂತ ಅಧ್ಯಯನ ಮಾಡಿದ ‘ಸ್ಟಾಪಿಂಗ್ ಆ್ಯಸ್ ಸಕ್ಸೆಸ್’ ಯೋಜನೆ ನಡೆದದ್ದು ಅದೇ ಅಮೆರಿಕದ ವಿದೇಶಿ ನೆರವಿನ ಸರ್ಕಾರಿ ಸಂಸ್ಥೆಯಾಗಿದ್ದ ಯುಎಸ್‌ಏಡ್ ಹಣದಲ್ಲಿ!

ನಿಮ್ಮದು ಅಷ್ಟು ದೊಡ್ಡ ವಿಷಯವಲ್ಲ ಅಂದುಕೊಳ್ಳಬೇಡಿ. ಅವರ ಖರ್ಚಿನಲ್ಲಿ ನಿಮ್ಮ ಪಾಲು ಎಷ್ಟು ಅಂತ ಮೊದಲು ಕೇಳಿ. ಹತ್ತರಲ್ಲಿ ಒಂದು ಪಾಲಾದರೆ ಹೇಗೋ ತಡೆದುಕೊಳ್ಳುತ್ತಾರೆ. ಅರ್ಧಕ್ಕಿಂತ ಜಾಸ್ತಿಯಾದರೆ 8 ತಿಂಗಳೂ ಸಾಲದು. ಆಗ ಒಂದೇ ಸಲ ನಿಲ್ಲಿಸುವ ಬದಲು ಎರಡು ವರ್ಷದಲ್ಲಿ ಇಳಿಸುತ್ತಾ ಬರಲು ಸಾಧ್ಯವಾ ನೋಡಿ.

ಇನ್ನು ಕೊನೇ ಕಂತು. ಅಂತಿಮ ವರದಿ ಕೊಟ್ಟ ಮೇಲೇ ಅದನ್ನು ಬಿಡುಗಡೆ ಮಾಡುವುದು ಬಹಳ ಕಡೆ ರೂಢಿ. ನಾನೂ ಹಿಂದೆ ಇಂಥದೇ ಒಂದು ಕಮಿಟಿಯಲ್ಲಿದ್ದೆ. ನಾವು ವರದಿಗೆ ಕಾಯುತ್ತಾ ಕೂತೆವು. ಅಲ್ಲಿ ನೋಡಿದರೆ ಸಂಬಳಕ್ಕೆ ಹಣವಿಲ್ಲದೆ ಅಕೌಂಟೆಂಟ್ ಕೆಲಸ ಬಿಟ್ಟಿದ್ದರು. ವರದಿ ಬರೆಯುವವರು ಯಾರು? ಜೀಪಿನ ಕಥೆ ಇನ್ನೂ ಚೆನ್ನಾಗಿದೆ. ಅದು ನಮ್ಮ ಹೆಸರಲ್ಲಿ ನೋಂದಣಿಯಾಗಿತ್ತು. ವರ್ಗಾವಣೆ ಪತ್ರಕ್ಕೆ ಸಹಿ ಹಾಕುವುದನ್ನೇ ಮರೆತೆವು. ಇನ್ಶೂರೆನ್ಸ್ ಕಟ್ಟಲಾಗದೆ ಅದು ಒಂದು ವರ್ಷ ನಿಂತಲ್ಲೇ ನಿಂತಿತ್ತು. ನಿಮ್ಮ ಹೆಸರಲ್ಲಿ ಏನೇನಿದೆ ಅಂತ ಈಗಲೇ ಹುಡುಕಿ. ವೆಬ್‌ಸೈಟ್, ಪಾಸ್‌ವರ್ಡ್‌ಗಳೂ ಸೇರಿ. ಕೊನೇ ಆಡಿಟ್‌ಗೆ, ಸಿಬ್ಬಂದಿಗೆ ಕಾನೂನಿನಂತೆ ಕೊಡಬೇಕಾದ ಪರಿಹಾರಕ್ಕೆ ಹಣ ಎತ್ತಿಡಿ.

ಕಮಿಟಿಗಳಿಗೆ ಹೊಳೆಯದ ಇನ್ನೊಂದು ಮಾತಿದೆ. ಸುಮ್ನೆ ಹಣ ನಿಂತರೆ ಜನ ‘ದುಡ್ಡು ತಿಂದಿರಬೇಕು’ ಅಂತಾರೆ. ಬೇರೆ ದಾನಿಗಳೂ ಹಿಂಜರಿಯುತ್ತಾರೆ. ಅದಕ್ಕೇ ಒಂದು ಪತ್ರ ಕೊಡಿ: ನಿಲ್ಲಿಸಿದ್ದು ನಮ್ಮ ಹಣದ ತೊಂದರೆಯಿಂದ, ಅವರ ತಪ್ಪಿಲ್ಲ, ಲೆಕ್ಕ ಸರಿಯಿದೆ ಅಂತ. (ನಿಜವಾಗಿಯೂ ದುಡ್ಡು ತಿಂದಿದ್ದರೆ ಮಾತು ಬೇರೆ. ಆಗಲೂ ದುಡಿದವರ ಸಂಬಳ ಉಳಿಸಿಕೊಳ್ಳಬಾರದು.)

ಈ ವಾರವೇ ಫೋನ್ ಮಾಡಿ. ಇಮೇಲ್ ಆಮೇಲೆ ಕಳಿಸಬಹುದು. ಖಜಾಂಚಿಯನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ, ಆ ಕಡೆಯವರ ಮೊದಲ ಪ್ರಶ್ನೆ ಕೊನೇ ಕಂತಿನದ್ದೇ ಇರುತ್ತದೆ.